ಜನಸಂಖ್ಯೆ ಅಷ್ಟೇ ಇದ್ದರೂ ಅಗ್ನಿಶಾಮಕ ಠಾಣೆಗೆ ಕರೆ ಹೆಚ್ಚುವುದೇಕೆ?

ಪ್ರಶ್ನೆ: ನಾನು ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯ ಯೋಜನಾ ವಿಭಾಗದಲ್ಲಿದ್ದೇನೆ. ನಮ್ಮ ವ್ಯಾಪ್ತಿಯ ಜನಸಂಖ್ಯೆ ಹತ್ತು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ಇದೆ. ಆದರೂ ಕರೆಗಳು ಏರುತ್ತಿವೆ, ವಾಹನ ಸ್ಥಳ ತಲುಪಲು ಹಿಡಿಯುವ ಸಮಯವೂ ಹೆಚ್ಚುತ್ತಿದೆ. ಹೊಸ ಠಾಣೆ ಬೇಕೆಂದು ನಮ್ಮ ಅಧಿಕಾರಿಗಳು ಹೇಳುತ್ತಾರೆ. ಜನ ಹೆಚ್ಚದೆ ಠಾಣೆ ಏಕೆ ಎಂದು ಹಣಕಾಸಿನವರು ಕೇಳುತ್ತಾರೆ. ಸಾಮಾಜಿಕ ಬದಲಾವಣೆಗಳನ್ನು ಯೋಜನೆಯೊಳಗೆ ಲೆಕ್ಕವಾಗಿ ತರುವುದು ಹೇಗೆ?

ಉತ್ತರ: ಹಣಕಾಸಿನವರ ಮುಂದೆ ಮೊದಲು ಇಡಬೇಕಾದದ್ದು ವಯಸ್ಸಿನ ಲೆಕ್ಕ. ಒಟ್ಟು ಜನಸಂಖ್ಯೆ ಕದಲದಿದ್ದರೂ ಅದರೊಳಗಿನ ವಯಸ್ಸಿನ ಹಂಚಿಕೆ ಬದಲಾದರೆ ಕರೆಗಳ ಸಂಖ್ಯೆ ಬದಲಾಗುತ್ತದೆ. ಒಂದು ಲಕ್ಷ ಜನರಿರುವ ಪ್ರದೇಶ ಎಂದುಕೊಳ್ಳಿ. 65ರೊಳಗಿನವರು 90,000, 65ರಿಂದ 79ರವರೆಗಿನವರು 8,000, 80 ತುಂಬಿದವರು 2,000. ವರ್ಷಕ್ಕೆ ಸಾವಿರ ಜನರಿಗೆ ಕ್ರಮವಾಗಿ 20, 60, 150 ಕರೆ ಬರುತ್ತವೆ ಎಂದಿಟ್ಟುಕೊಳ್ಳೋಣ. ಈ ದರಗಳು ಲೆಕ್ಕದ ರೀತಿ ತೋರಿಸಲು ಹಾಕಿಕೊಂಡವು, ನಿಮ್ಮ ದರವನ್ನು ನಿಮ್ಮ ದಾಖಲೆಯಿಂದಲೇ ತೆಗೆಯಬೇಕು. ಒಟ್ಟು 1,800 + 480 + 300 = 2,580 ಕರೆ. ಹದಿನೈದು ವರ್ಷ ಕಳೆದ ಮೇಲೆ ಅದೇ ಒಂದು ಲಕ್ಷದ ಹಂಚಿಕೆ 84,000, 11,000, 5,000 ಆಯಿತೆನ್ನಿ. ಆಗ 1,680 + 660 + 750 = 3,090 ಕರೆ. ಒಬ್ಬರೂ ಹೆಚ್ಚಾಗಲಿಲ್ಲ, ಕರೆ ಮಾತ್ರ ಶೇ. 20ರಷ್ಟು ಏರಿತು. 80 ತುಂಬಿದವರಿಂದಲೇ 450 ಕರೆ ಹೆಚ್ಚಾಗಿವೆ. ಹೀಗಾಗಿ "65 ಮೇಲ್ಪಟ್ಟವರು" ಎಂದು ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದ ವರದಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. 67ರವರ ಬದುಕೂ 84ರವರ ಬದುಕೂ ಬೇರೆ ಬೇರೆ.

ಎರಡನೆಯದು ಮನೆಗಳ ಎಣಿಕೆ. ಒಂದು ಲಕ್ಷ ಜನ ಮನೆಗೆ 2.5ರಂತೆ ಇದ್ದರೆ 40,000 ಮನೆ, 2.1ರಂತೆ ಇದ್ದರೆ 47,600 ಮನೆ. ಒಲೆ, ಹೀಟರ್, ವಿದ್ಯುತ್ ಮೀಟರ್ ಇವೆಲ್ಲ ಮನೆಗೊಂದರಂತೆ ಹೆಚ್ಚುತ್ತವೆ. ಜೊತೆಗೆ ಒಂಟಿಯಾಗಿ ಇರುವವರ ಮನೆಯಲ್ಲಿ ಹೊಗೆ ಕಂಡು ಎಬ್ಬಿಸಲು, ಬಿದ್ದವರನ್ನು ಎತ್ತಲು, ಕರೆ ಮಾಡಲು ಇನ್ನೊಬ್ಬರಿರುವುದಿಲ್ಲ. ಮೊದಲು ಮನೆಯವರೇ ನಿಭಾಯಿಸಿಕೊಳ್ಳುತ್ತಿದ್ದ ಸಣ್ಣ ಘಟನೆ ಹೀಗೆ ಠಾಣೆಯ ಕರೆಯಾಗುತ್ತದೆ. ಜಪಾನಿನಲ್ಲಿ ಆಂಬುಲೆನ್ಸ್ ಸೇವೆ ಅಗ್ನಿಶಾಮಕ ಇಲಾಖೆಯ ಕೈಯಲ್ಲಿದೆ. ಅಲ್ಲಿ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಹೋಗುವವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ 65 ದಾಟಿದವರು. ಅಮೆರಿಕದ ಅಗ್ನಿಶಾಮಕ ಇಲಾಖೆಗಳ ಕರೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ವೈದ್ಯಕೀಯ ಕರೆಗಳು, ಬೆಂಕಿಯದು ಶೇ. 4ರ ಆಸುಪಾಸು. ನಿಮ್ಮ ಸೇವೆ ವೈದ್ಯಕೀಯ ಕರೆ ತೆಗೆದುಕೊಳ್ಳದಿದ್ದರೆ ಏರಿಕೆ ಇಷ್ಟು ಕಡಿದಾಗಿರುವುದಿಲ್ಲ. ಆದರೂ ಬಾಗಿಲು ತೆಗೆಸುವುದು, ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ಒಲೆ ಮೇಲೆ ಮರೆತ ಪಾತ್ರೆ, ತಾನಾಗಿ ಬಡಿದ ಅಲಾರಂ, ಇವುಗಳಲ್ಲಿ ಅದೇ ಜಾಡು ಕಾಣುತ್ತದೆ.

ಕರೆಯ ದಾಖಲೆಯಲ್ಲಿ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ ಎಂಬುದು ಇಲ್ಲಿನ ತೊಡಕು. ಕಳೆದ ಮೂರು ವರ್ಷಗಳ ಕರೆಗಳಿಂದ 500ರಷ್ಟನ್ನು ಯಾದೃಚ್ಛಿಕವಾಗಿ ಆರಿಸಿ, ಸಿಬ್ಬಂದಿ ಬರೆದ ಟಿಪ್ಪಣಿಯನ್ನು ಒಬ್ಬರು ಕೂತು ಓದಿ, ವಯಸ್ಸಿನ ಗುಂಪು, ಒಂಟಿಯೇ ಅಲ್ಲವೇ, ಎಷ್ಟನೇ ಮಹಡಿ, ಭಾಷೆಯ ತೊಡಕಿತ್ತೇ ಎಂದು ಗುರುತು ಹಾಕಿ. ನಾಲ್ಕೈದು ದಿನ ಹಿಡಿಯುತ್ತದೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ಕರೆ ಹೆಚ್ಚಿದರೆ ಸಮಯ ಏಕೆ ಹೆಚ್ಚುತ್ತದೆ

ಠಾಣೆ ಇದ್ದಲ್ಲೇ ಇದೆ, ರಸ್ತೆಯೂ ಅದೇ, ಆದರೂ ತಲುಪುವ ಸಮಯ ಏಕೆ ಏರಿತು ಎಂಬುದು ಹಲವರಿಗೆ ಅರ್ಥವಾಗದ ಸಂಗತಿ. ಉತ್ತರ ವಾಹನದ ಬಿಡುವಿನಲ್ಲಿದೆ. ಒಂದು ವಾಹನಕ್ಕೆ ದಿನಕ್ಕೆ 10 ಕರೆ, ಹೊರಟಾಗಿನಿಂದ ಮರಳಿ ಸಜ್ಜಾಗುವವರೆಗೆ ಸರಾಸರಿ 40 ನಿಮಿಷ ಎಂದರೆ 400 ನಿಮಿಷ. ದಿನದ 1,440 ನಿಮಿಷದಲ್ಲಿ ಅದು 0.28, ಇದೇ ವಾಹನ ಬಳಕೆಯ ಪ್ರಮಾಣ. ಅಂದರೆ ಸುಮಾರು ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಕರೆ ಬಂದಾಗ ಆ ವಾಹನ ಬೇರೆಡೆ ಇರುತ್ತದೆ, ಪಕ್ಕದ ಠಾಣೆಯ ವಾಹನ ಬರಬೇಕಾಗುತ್ತದೆ. 24 ಗಂಟೆ ಪಾಳಿಯ ತಂಡಕ್ಕೆ ಈ ಪ್ರಮಾಣ 0.30 ಮುಟ್ಟಿದರೆ ಎಚ್ಚರಿಕೆಯ ಗಂಟೆ ಎಂದು ಯೋಜಕರು ಸಾಮಾನ್ಯವಾಗಿ ಎಣಿಸುತ್ತಾರೆ. ಅದನ್ನು ದಿನದ ಸರಾಸರಿಯಲ್ಲಿ ನೋಡಬೇಡಿ. ಹತ್ತರಲ್ಲಿ ಏಳು ಕರೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಬಂದರೆ ಹಗಲಿನ ಪ್ರಮಾಣ 280 ಭಾಗಿಸು 720, ಅಂದರೆ 0.39 ಆಗಿರುತ್ತದೆ. ವೃದ್ಧರ ಕರೆಗಳು ಹಗಲಿನಲ್ಲೇ ಗುಂಪಾಗುವುದರಿಂದ ಈ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ.

ದೂರದ ಮೇಲೆ ಇದರ ಪರಿಣಾಮವನ್ನು ಅಂದಾಜಿಸಲು 1970ರ ದಶಕದ ಆರಂಭದಲ್ಲಿ ಕೊಲೆಸಾರ್ ಮತ್ತು ಬ್ಲಮ್ ಎಂಬ ಸಂಶೋಧಕರು ನ್ಯೂಯಾರ್ಕಿಗಾಗಿ ಕಂಡುಕೊಂಡ ವರ್ಗಮೂಲದ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ವಿಸ್ತೀರ್ಣವನ್ನು ಬಿಡುವಿರುವ ವಾಹನಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ರಸ್ತೆ ಜಾಲಕ್ಕೆ ತಕ್ಕ ಗುಣಕದಿಂದ (ಸುಮಾರು 0.63 ಎಂದುಕೊಳ್ಳಿ) ಗುಣಿಸಿದರೆ ಸರಾಸರಿ ದೂರ ಸಿಗುತ್ತದೆ. 100 ಚದರ ಕಿ.ಮೀ., 4 ವಾಹನ: 3.15 ಕಿ.ಮೀ. ಪ್ರತಿ ವಾಹನವೂ 0.28ರಷ್ಟು ಹೊತ್ತು ಹೊರಗಿದ್ದರೆ ಬಿಡುವಿರುವುದು 2.88 ವಾಹನ, ದೂರ 3.7 ಕಿ.ಮೀ. ಒಂದು ಠಾಣೆಯನ್ನೂ ಮುಚ್ಚದೆ ದೂರ ಶೇ. 18 ಹೆಚ್ಚಾಯಿತು. ಇದೇ ಸೂತ್ರ ಅಧಿಕಾರಿಗಳ ವಾದಕ್ಕೂ ಮಿತಿ ಹಾಕುತ್ತದೆ: ಠಾಣೆಗಳನ್ನು ಇಮ್ಮಡಿ ಮಾಡಿದರೂ ದೂರ ಅರ್ಧಕ್ಕೆ ಇಳಿಯದು, ಶೇ. 30ರಷ್ಟು ಮಾತ್ರ ಇಳಿಯುತ್ತದೆ. ಬಿದ್ದವರನ್ನು ಎತ್ತುವ ಕರೆಗೆ ನಾಲ್ಕು ಜನರ ಎಂಜಿನ್ (ದೊಡ್ಡ ಅಗ್ನಿಶಾಮಕ ವಾಹನ) ಬದಲು ಇಬ್ಬರ ಚಿಕ್ಕ ವಾಹನ ಕಳಿಸಿ ಎಂಜಿನ್ನಿಗೆ ಬಿಡುವು ಕೊಟ್ಟರೆ, ಹೊಸ ಕಟ್ಟಡದಿಂದ ಸಿಗಬೇಕಾದ ಲಾಭದ ಬಹುಪಾಲು ಕೆಲವೊಮ್ಮೆ ಅಲ್ಲೇ ಸಿಕ್ಕಿಬಿಡುತ್ತದೆ.

ಇಲ್ಲೊಂದು ಬಲೆ ಇದೆ. ಕರೆ ಹಗಲಿನಲ್ಲಿ ಹೆಚ್ಚು, ಸಾವು ರಾತ್ರಿಯಲ್ಲಿ ಹೆಚ್ಚು. ಅಮೆರಿಕದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರೊಳಗೆ ವರದಿಯಾಗುವುದು ಮನೆ ಬೆಂಕಿಗಳಲ್ಲಿ ಐದನೇ ಒಂದು ಪಾಲು. ಸಾವುಗಳಲ್ಲಿ ಸುಮಾರು ಅರ್ಧ ಆ ಹೊತ್ತಿನವು. ಕರೆಗಳ ರೇಖೆ ನೋಡಿ ರಾತ್ರಿ ಪಾಳಿಯಿಂದ ಜನ ತೆಗೆದು ಹಗಲಿಗೆ ಹಾಕಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಜೀವ ಹೋಗುವ ಹೊತ್ತಿಗೆ ಠಾಣೆಯಲ್ಲಿ ಜನ ಕಡಿಮೆ ಇರುತ್ತಾರೆ. ಹಗಲಿಗೆ ಹೆಚ್ಚುವರಿ ಪಾಳಿ ಸೇರಿಸಿ, ರಾತ್ರಿಯದನ್ನು ಮುಟ್ಟಬೇಡಿ.

ಕಟ್ಟಡ ನೋಡುವುದೇ, ಜನರನ್ನು ನೋಡುವುದೇ

ಬ್ರಿಟನ್ನಿನಲ್ಲಿ ದಶಕಗಳ ಕಾಲ ಪ್ರದೇಶಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ವಾಹನ ಹಂಚುತ್ತಿದ್ದರು. ಎ ಎಂದರೆ ದೊಡ್ಡ ವಾಣಿಜ್ಯ, ಕೈಗಾರಿಕಾ ಕೇಂದ್ರ: 5 ನಿಮಿಷಕ್ಕೆ ಎರಡು ವಾಹನ, 8 ನಿಮಿಷಕ್ಕೆ ಮೂರನೆಯದು. ಸಿ ಎಂದರೆ ವಸತಿ ಬಡಾವಣೆ: 8ರಿಂದ 10 ನಿಮಿಷಕ್ಕೆ ಒಂದು. ಡಿ ಎಂದರೆ ಗ್ರಾಮಾಂತರ: 20 ನಿಮಿಷ. ಅಳತೆಗೋಲು ಕಟ್ಟಡ ಎಷ್ಟು ಬೆಲೆಯದು, ಬೆಂಕಿ ಎಷ್ಟು ಹರಡೀತು ಎಂಬುದಾಗಿತ್ತು. ಜನ ಸಾಯುತ್ತಿದ್ದದ್ದು ಮಾತ್ರ ಹೆಚ್ಚಾಗಿ ಮನೆಗಳಲ್ಲಿ, ಅಂದರೆ ಸಿ ಪ್ರದೇಶಗಳಲ್ಲಿ. 2003-04ರ ಸುಧಾರಣೆಯಲ್ಲಿ ಈ ಮಾನದಂಡ ಕೈಬಿಟ್ಟು, ಪ್ರತಿ ಸೇವೆಯೂ ತನ್ನ ಪ್ರದೇಶದ ಜೀವಾಪಾಯ ಆಧರಿಸಿ ಸಮಗ್ರ ಅಪಾಯ ನಿರ್ವಹಣಾ ಯೋಜನೆ ಬರೆಯಬೇಕೆಂದಾಯಿತು. ಹಳೆಯ ನಕ್ಷೆ ಇಟ್ಟುಕೊಂಡು ಯೋಜನೆ ಮಾಡುವ ಸೇವೆಗಳು ಇಂದಿಗೂ ಇವೆ. ನಿಮ್ಮದು ಅಂಥದ್ದೇ ಎಂದು ಪರೀಕ್ಷಿಸುವುದು ಸುಲಭ: ಕಳೆದ ಹತ್ತು ವರ್ಷಗಳ ಬೆಂಕಿ ಸಾವುಗಳ ವಿಳಾಸಗಳನ್ನು ನಿಮ್ಮ ಅಪಾಯ ನಕ್ಷೆಯ ಮೇಲೆ ಇಟ್ಟು ನೋಡಿ. ಬಹುಪಾಲು ಸಾವು "ಕಡಿಮೆ ಅಪಾಯ" ಎಂದು ಬಣ್ಣ ಬಳಿದ ಜಾಗದಲ್ಲಿದ್ದರೆ ಬದಲಿಸಬೇಕಾದದ್ದು ನಕ್ಷೆ.

ಸಮಯದ ಗುರಿಗೂ ಒಂದು ಮಿತಿ ಬಂದಿದೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ (ಎನ್‌ಎಫ್‌ಪಿಎ) 1710 ಮಾನದಂಡ, ಸಂಬಳದ ಸಿಬ್ಬಂದಿ ಇರುವ ಇಲಾಖೆಗಳಿಗೆ, ಬೆಂಕಿ ಕರೆಗೆ ಸಜ್ಜಾಗಿ ಹೊರಡಲು 80 ಸೆಕೆಂಡು, ಮೊದಲ ಎಂಜಿನ್ ಪ್ರಯಾಣಕ್ಕೆ 240 ಸೆಕೆಂಡು ಎನ್ನುತ್ತದೆ. ನೂರರಲ್ಲಿ 90 ಕರೆಗಳಿಗೆ ಇದು ಸಾಧ್ಯವಾಗಬೇಕು. ಇನ್ನೊಂದೆಡೆ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುಎಲ್‌ನ ಪ್ರಯೋಗಗಳಲ್ಲಿ ಇಂದಿನ ಫೋಮ್, ಪ್ಲಾಸ್ಟಿಕ್ ಪೀಠೋಪಕರಣ ತುಂಬಿದ ಕೋಣೆ 5 ನಿಮಿಷದೊಳಗೆ ಪೂರ್ತಿ ಹೊತ್ತಿಕೊಂಡಿತು. ಹಳೆಯ ಕಾಲದ ಮರ, ಹತ್ತಿಯ ಸಾಮಾನಿನ ಕೋಣೆಗೆ ಸುಮಾರು ಅರ್ಧ ಗಂಟೆ ಬೇಕಾಯಿತು. ಬೆಂಕಿ ಕಂಡು, ಕರೆ ಮಾಡಿ, ವಾಹನ ಹೊರಟು ಬರುವ ಹೊತ್ತಿಗೆ ಆ ಕೋಣೆಯಲ್ಲಿದ್ದವರ ಗತಿ ನಿರ್ಧಾರವಾಗಿರುತ್ತದೆ. ತಾನೇ ಎದ್ದು ಹೊರಗೆ ಬರಲಾಗದವರ ಸಂಖ್ಯೆ ಹೆಚ್ಚುತ್ತಿರುವ ಪ್ರದೇಶದಲ್ಲಿ 30 ಸೆಕೆಂಡು ಉಳಿಸಲು ಕೋಟಿಗಟ್ಟಲೆ ಹಣ ಸುರಿಯುವುದಕ್ಕಿಂತ ಅವರ ಮನೆಯೊಳಕ್ಕೆ ಮುಂಚೆಯೇ ಹೋಗುವುದು ಹೆಚ್ಚು ಜೀವ ಉಳಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಷ್ಟೇ.

ಮನೆ ಭೇಟಿಯನ್ನು ಕರಪತ್ರ ಹಂಚುವ ಕೆಲಸವಾಗಿಸಬೇಡಿ. ಭೇಟಿ ಕೊಟ್ಟವರು ನೋಡಬೇಕಾದವು ಖಚಿತವಾಗಿರಬೇಕು. ಅಮೆರಿಕದಲ್ಲಿ ಮನೆ ಬೆಂಕಿಯ ಸಾವುಗಳಲ್ಲಿ ಐದಕ್ಕೆ ಮೂರು ಅಲಾರಂ ಇಲ್ಲದ ಅಥವಾ ಕೆಟ್ಟ ಮನೆಗಳಲ್ಲಿ ಆದವು. ಜಪಾನ್ 2006ರ ಜೂನಿನಿಂದ ಹೊಸ ಮನೆಗಳಿಗೆ ಹೊಗೆ ಅಲಾರಂ ಕಡ್ಡಾಯ ಮಾಡಿ, 2011ರ ಜೂನ್ ವೇಳೆಗೆ ಹಳೆಯ ಮನೆಗಳಿಗೂ ವಿಸ್ತರಿಸಿತು. ಆದರೆ ಅಲಾರಂ ಇದ್ದರೆ ಸಾಲದು. ಸಾಮಾನ್ಯ ಅಲಾರಂ ಹೊಮ್ಮಿಸುವುದು 3,000 ಹರ್ಟ್ಜ್ ಆಸುಪಾಸಿನ ಕೀಚಲು ದನಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ಸ್ವರಗಳನ್ನೇ. 520 ಹರ್ಟ್ಜ್‌ನ ಚೌಕ ತರಂಗದ ತಗ್ಗು ದನಿ ಶ್ರವಣ ಮಂದವಾದವರನ್ನೂ ಗಾಢ ನಿದ್ದೆಯ ಮಕ್ಕಳನ್ನೂ ಎಬ್ಬಿಸುವುದರಲ್ಲಿ ಬಹಳ ಮೇಲು ಎಂದು ಪ್ರಯೋಗಗಳು ತೋರಿಸಿವೆ. ಮಲಗುವ ಕೋಣೆಯ ಬಾಗಿಲು ಮುಚ್ಚಿ, ದಿಂಬಿನ ಹತ್ತಿರ ದನಿ 75 ಡೆಸಿಬೆಲ್ ಮುಟ್ಟುತ್ತದೆಯೇ ಎಂದು ಅಳೆಯಿರಿ. ಪೂರ್ತಿ ಕೇಳಿಸದವರಿಗೆ ಹಾಸಿಗೆ ಅದುರಿಸುವ ಸಾಧನ ಬೇಕು. ಎದ್ದರೂ ನಡೆಯಲಾಗದವರಿಗೆ ಅಲಾರಂ ಒಂದು ಕ್ರೂರ ಸುದ್ದಿ ಮಾತ್ರ. ಅಂಥವರ ಮನೆಯ ಅಲಾರಂ ನೇರ ಕಂಟ್ರೋಲ್ ರೂಮಿಗೆ ಅಥವಾ ಆರೈಕೆದಾರರಿಗೆ ಸೇರುವಂತಿರಬೇಕು, ಸಾಧ್ಯವಿದ್ದಲ್ಲಿ ಹಾಸಿಗೆ ಪಕ್ಕ ಬೆಂಕಿಗೆ ತಾನಾಗಿ ನೀರು ಸಿಂಪಡಿಸುವ ಘಟಕ ಇರಬೇಕು.

ಆಸ್ಪತ್ರೆಯ ಬದಲು ಮನೆಯಲ್ಲೇ ಆರೈಕೆ ಎಂಬ ಸಾಮಾಜಿಕ ಬದಲಾವಣೆ ಹೊಸ ಅಪಾಯಗಳನ್ನು ಮನೆಯೊಳಗೆ ತಂದಿದೆ. ಮನೆಯ ಆಮ್ಲಜನಕ ಯಂತ್ರ, ಗಾಳಿ ತುಂಬುವ ಹಾಸಿಗೆ, ಚರ್ಮದ ಮುಲಾಮು. ಎಣ್ಣೆಯಂಶದ ಮುಲಾಮು ಬಟ್ಟೆ, ಹೊದಿಕೆ, ಬ್ಯಾಂಡೇಜಿನಲ್ಲಿ ಒಣಗಿ ಕೂತರೆ ಅವು ಸುಲಭವಾಗಿ ಹೊತ್ತಿ ವೇಗವಾಗಿ ಉರಿಯುತ್ತವೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಧೂಮಪಾನಿ ರೋಗಿಯೊಬ್ಬರ ಬಳಿ ಇವು ಮೂರೂ ಸೇರಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಈ ಮಾಹಿತಿ ಇರುವುದು ಆರೋಗ್ಯ ಇಲಾಖೆಯ ಬಳಿ, ಅಗ್ನಿಶಾಮಕದವರ ಬಳಿ ಅಲ್ಲ. ಪೂರ್ತಿ ವೈದ್ಯಕೀಯ ಕಡತ ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. "ಈ ವಿಳಾಸದಲ್ಲಿ ಮನೆ ಭೇಟಿ ಬೇಕು" ಎಂಬ ಒಂದೇ ಸಾಲಿನ ಶಿಫಾರಸು, ರೋಗಿಯ ಒಪ್ಪಿಗೆಯೊಂದಿಗೆ, ಸಾಕು. ಹತ್ತು ಅಂಕಣದ ಅರ್ಜಿ ಮಾಡಿದರೆ ದಾದಿಯರು ತುಂಬುವುದಿಲ್ಲ.

ಸಾಮಾನು ಕೂಡಿಡುವ ಗೀಳಿನವರ ಮನೆಗಳನ್ನು ಪ್ರತ್ಯೇಕವಾಗಿ ಗುರುತಿಸಿ. ಮೆಲ್ಬರ್ನಿನಲ್ಲಿ 1999ರಿಂದ 2009ರವರೆಗಿನ ದಾಖಲೆ ಪರಿಶೀಲಿಸಿದಾಗ ಇಂಥ ಮನೆಗಳ ಬೆಂಕಿ ಒಟ್ಟು ಮನೆ ಬೆಂಕಿಗಳಲ್ಲಿ ಶೇ. 0.25 ಮಾತ್ರ; ತಡೆಯಬಹುದಾಗಿದ್ದ ಬೆಂಕಿ ಸಾವುಗಳಲ್ಲಿ ಶೇ. 24. ಒಂದರಿಂದ ಒಂಬತ್ತರವರೆಗಿನ ಚಿತ್ರಗಳ ಮಾಪಕವೊಂದು ಬಳಕೆಯಲ್ಲಿದೆ. ಕೋಣೆಯನ್ನು ಚಿತ್ರದೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಆ ಅಂಕ ಕಂಟ್ರೋಲ್ ರೂಮಿನ ವಿಳಾಸ ದಾಖಲೆಯಲ್ಲಿದ್ದರೆ ಮೊದಲ ಸೂಚನೆಯಲ್ಲೇ ಹೆಚ್ಚುವರಿ ವಾಹನ, ಉಸಿರಾಟದ ಉಪಕರಣ ಧರಿಸುವ ಹೆಚ್ಚುವರಿ ತಂಡ ಹೊರಡಬಹುದು.

ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಎತ್ತರದಲ್ಲಿ

ಜನಗಣತಿ ಎಣಿಸುವುದು ಮಲಗುವ ಜಾಗದಲ್ಲಿ. ಟೋಕಿಯೊದ ಚಿಯೋಡಾ ವಾರ್ಡಿನಲ್ಲಿ 2015ರ ಗಣತಿಯ ಪ್ರಕಾರ ನಿವಾಸಿಗಳು ಸುಮಾರು 58 ಸಾವಿರ, ಹಗಲಿನ ಜನಸಂಖ್ಯೆ ಸುಮಾರು 8.5 ಲಕ್ಷ. ಹೀಗಾಗಿ ತಲಾ ಕರೆಯ ದರ ಲೆಕ್ಕ ಹಾಕುವಾಗ ಹಗಲಿಗೂ ರಾತ್ರಿಗೂ ಬೇರೆ ಬೇರೆ ಛೇದ ಬೇಕು. ಮನೆಯಿಂದಲೇ ಕೆಲಸ ಎಂಬ ರೂಢಿ ಬಂದ ಮೇಲೆ ಹಗಲಿನ ಜನ ವಸತಿ ಬಡಾವಣೆಗೆ ಒಂದಿಷ್ಟು ಮರಳಿದ್ದಾರೆ, ಆದ್ದರಿಂದ ಐದಾರು ವರ್ಷ ಹಿಂದಿನ ಹಗಲಿನ ಅಂಕಿಯನ್ನು ಕಣ್ಣು ಮುಚ್ಚಿ ಬಳಸಬೇಡಿ.

ಗೋಪುರ ಕಟ್ಟಡಗಳಲ್ಲಿ ವಾಹನ ಬಾಗಿಲ ಮುಂದೆ ನಿಂತಾಗ ಗಡಿಯಾರ ನಿಲ್ಲಿಸುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಟೊರಾಂಟೊ ಪ್ರದೇಶದ ಹೃದಯ ಸ್ತಂಭನ ಪ್ರಕರಣಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಮೂರನೇ ಮಹಡಿಗಿಂತ ಕೆಳಗಿನವರಲ್ಲಿ ಬದುಕುಳಿದವರು ಶೇ. 4.2, ಮೂರನೆಯದು ಮತ್ತು ಅದಕ್ಕೂ ಮೇಲಿನ ಮಹಡಿಯವರಲ್ಲಿ ಶೇ. 2.6, 25ನೇ ಮಹಡಿಗಿಂತ ಮೇಲಿದ್ದ 30 ಮಂದಿಯಲ್ಲಿ ಒಬ್ಬರೂ ಇಲ್ಲ. ಲಿಫ್ಟಿನ ಕೀಲಿ, ಕಾವಲುಗಾರ, ಬೀಗ ಹಾಕಿದ ಒಳಬಾಗಿಲು ಇವೆಲ್ಲ ನಿಮಿಷ ತಿನ್ನುತ್ತವೆ. ತಂಡ ರೋಗಿಯ ಅಥವಾ ಬೆಂಕಿಯ ಮಹಡಿ ಮುಟ್ಟಿದಾಗ ರೇಡಿಯೊದಲ್ಲಿ ಒಂದು ಗುಂಡಿ ಒತ್ತಿ ಸಮಯ ದಾಖಲಿಸಲಿ. ಆರು ತಿಂಗಳ ಈ ಅಂಕಿ ಕೈಗೆ ಬಂದರೆ ಹೊಸ ಠಾಣೆಗಿಂತ ಲಿಫ್ಟ್ ಕೀಲಿಯ ವ್ಯವಸ್ಥೆ ತುರ್ತು ಎಂದು ಕಾಣಲೂಬಹುದು.

ವಯಸ್ಸಾದವರು ಗೋಪುರಗಳ ಮೇಲ್ಮಹಡಿಗಳಲ್ಲಿ ವಾಸಿಸತೊಡಗಿದಂತೆ ತೆರವಿನ ಯೋಜನೆ ಕಷ್ಟವಾಗುತ್ತದೆ. 2017ರ ಜೂನ್ 14ರಂದು ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಮಂದಿ ಸತ್ತರು. 2019ರ ವಿಚಾರಣಾ ವರದಿ, ತಾವಾಗಿ ಇಳಿಯಲಾಗದ ನಿವಾಸಿಗಳಿಗೆ ವೈಯಕ್ತಿಕ ತೆರವು ಯೋಜನೆ ಇರಬೇಕು, ಅದರ ಮಾಹಿತಿ ಕಟ್ಟಡದಲ್ಲೇ ಪೆಟ್ಟಿಗೆಯೊಂದರಲ್ಲಿ ಅಗ್ನಿಶಾಮಕದವರಿಗೆ ಸಿಗಬೇಕು ಎಂದಿತು. ಈ ಪಟ್ಟಿಗಳು ಹಾಳಾಗುವುದು ಒಂದೇ ಕಾರಣಕ್ಕೆ: ಒಮ್ಮೆ ಬರೆದ ಮೇಲೆ ಯಾರೂ ತಿದ್ದುವುದಿಲ್ಲ. ಮೂರು ತಿಂಗಳಿಗೊಮ್ಮೆ ತಿದ್ದುವ ಜವಾಬ್ದಾರಿ ಯಾರದು ಎಂದು ಬರೆಯದ ಯೋಜನೆಯನ್ನು ನಂಬಬೇಡಿ.

ಕಿಕ್ಕಿರಿದ ಮನೆಗಳು, ಕೆಲಸದ ಹೊಸ ರೀತಿ

ವಲಸೆ ಕಾರ್ಮಿಕರ ವಸತಿ ಅಧಿಕೃತ ಅಂಕಿಗೆ ಸಿಗುವುದು ಕಡಿಮೆ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು ಸುಮಾರು 50 ಮಂದಿ ಸತ್ತರು. ಅವರಲ್ಲಿ 45 ಮಂದಿ ಭಾರತೀಯರು. ಒಂದೇ ಕಟ್ಟಡದಲ್ಲಿ 190ಕ್ಕೂ ಹೆಚ್ಚು ಜನ ಇದ್ದರು. ಇಂಥ ಕಟ್ಟಡ ಹುಡುಕಲು ಜನಗಣತಿಗಿಂತ ನೀರಿನ ಬಳಕೆ, ಕಸದ ತೂಕ, ವಿದ್ಯುತ್ ಬಳಕೆಯ ಅಂಕಿ ಮೇಲು. ಆರು ಜನರ ಮನೆ ಎಂದು ನೋಂದಾಯಿಸಿ ಮೂವತ್ತು ಜನರ ನೀರು ಬಳಸುವ ವಿಳಾಸ ತಾನಾಗಿ ಎದ್ದು ಕಾಣುತ್ತದೆ. ಆದರೆ ಪರಿಶೀಲನೆಗೆ ಪೊಲೀಸರನ್ನೋ ವಲಸೆ ಅಧಿಕಾರಿಗಳನ್ನೋ ಜೊತೆಗೆ ಕರೆದೊಯ್ದರೆ ಮರುದಿನದಿಂದ ಆ ಬೀದಿಯ ಜನ ಬೆಂಕಿ ಬಿದ್ದರೂ ನಿಮಗೆ ಕರೆ ಮಾಡುವುದಿಲ್ಲ. ಇದೇ ಕಾರಣಕ್ಕೆ ಕರೆ ಕಡಿಮೆ ಇರುವ ಬಡಾವಣೆಯನ್ನು ಸುರಕ್ಷಿತ ಎಂದು ಓದಬೇಡಿ.

ಬಡತನದ ಚಳಿಗೂ ಬೆಂಕಿಗೂ ನೇರ ನಂಟು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 2022ರ ಜನವರಿ 9ರಂದು 19 ಮಹಡಿಯ ಕಟ್ಟಡದಲ್ಲಿ ವಿದ್ಯುತ್ ಹೀಟರಿನಿಂದ ಬೆಂಕಿ ಹೊತ್ತಿತು. ಸತ್ತ 17 ಮಂದಿಯಲ್ಲಿ ಹೆಚ್ಚಿನವರು ಗ್ಯಾಂಬಿಯಾ ಮೂಲದ ಕುಟುಂಬಗಳವರು. ಬೆಂಕಿ ಒಂದು ಫ್ಲ್ಯಾಟಿನಲ್ಲೇ ಇತ್ತು. ತಾನಾಗಿ ಮುಚ್ಚಬೇಕಿದ್ದ ಬಾಗಿಲು ಮುಚ್ಚದೆ ಹೊಗೆ ಮೆಟ್ಟಿಲಿಗೆ ನುಗ್ಗಿತು. ಬಾಗಿಲಿನ ಸ್ಪ್ರಿಂಗ್ ತಪಾಸಣೆ ಅಗ್ಗದ ಕೆಲಸ. ಅಲ್ಲಿನ ಜನರಾಡುವ ಭಾಷೆಯಲ್ಲಿ "ಹೊರಗೆ ಬರುವಾಗ ಬಾಗಿಲು ಎಳೆದು ಬನ್ನಿ" ಎಂದು ಹೇಳುವುದೂ ಅಷ್ಟೇ ಅಗ್ಗ.

ಮನೆಬಾಗಿಲಿಗೆ ಸರಕು ತಲುಪಿಸುವ ದುಡಿಮೆ ಹಬ್ಬಿದ ಮೇಲೆ ಬ್ಯಾಟರಿ ಸೈಕಲ್ಲುಗಳು ಮಲಗುವ ಕೋಣೆಗೆ ಬಂದವು. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯಿಂದ 268 ಬೆಂಕಿ, 18 ಸಾವು. ಹೊರಹೋಗುವ ಬಾಗಿಲ ಬಳಿಯೇ ಚಾರ್ಜಿಗೆ ಹಾಕುವುದು ಇಲ್ಲಿ ಕೊಲ್ಲುವ ಅಭ್ಯಾಸ: ಬ್ಯಾಟರಿ ಸಿಡಿದರೆ ದಾರಿಯೇ ಬೆಂಕಿಯಾಗುತ್ತದೆ. ಬೇಡ ಎಂದು ಉಪದೇಶಿಸುವುದಕ್ಕಿಂತ ಬೀದಿ ಬದಿ ಚಾರ್ಜಿಂಗ್ ಕಪಾಟು ಎಲ್ಲಿ ಇಡಬಹುದು ಎಂದು ನಗರಾಡಳಿತದ ಜೊತೆ ಕೂತು ನಿರ್ಧರಿಸುವುದು ಫಲ ಕೊಡುತ್ತದೆ.

ಇಕ್ಕಟ್ಟಾದ ಬಡಾವಣೆಗಳಲ್ಲಿ ವಾಹನವೇ ಒಳಗೆ ಹೋಗುವುದಿಲ್ಲ. ಇಂಗ್ಲೆಂಡಿನ ಮಾರ್ಗಸೂಚಿ ಪ್ರಕಾರ ಅಗ್ನಿಶಾಮಕ ವಾಹನಕ್ಕೆ 3.7 ಮೀಟರ್ ರಸ್ತೆ, 3.1 ಮೀಟರ್ ಗೇಟು ಬೇಕು. ನಿಮ್ಮ ವ್ಯಾಪ್ತಿಯಲ್ಲಿ ಅದಕ್ಕಿಂತ ಕಿರಿದಾದ ಓಣಿಗಳಲ್ಲಿ ಎಷ್ಟು ಮನೆಗಳಿವೆ, ವಾಹನ ನಿಲ್ಲುವ ಜಾಗದಿಂದ ಕೊನೆಯ ಮನೆಗೆ ಎಷ್ಟು ಉದ್ದದ ಹೋಸು ಬೇಕು ಎಂದು ಎಣಿಸಿ. ರಾತ್ರಿ ಕಾರುಗಳು ನಿಂತಿರುವಾಗ ಅಳೆಯಿರಿ, ಹಗಲಿನ ಅಳತೆ ಸುಳ್ಳು ಹೇಳುತ್ತದೆ.

ಊರು ಖಾಲಿಯಾದಾಗ

ಜನ ಕಡಿಮೆಯಾದರೆ ಅಪಾಯವೂ ಕಡಿಮೆ ಎಂಬ ಊಹೆ ಗ್ರಾಮಾಂತರದಲ್ಲಿ ತಲೆಕೆಳಗಾಗುತ್ತದೆ. ಪೋರ್ಚುಗಲ್ಲಿನ ಒಳನಾಡಿನಿಂದ ಯುವಕರು ಹೊರಟುಹೋದರು. ಉಳುವವರು, ಮೇಯಿಸುವವರು ಇಲ್ಲದ ಹೊಲಗಳಲ್ಲಿ ಪೊದೆ, ಪೈನ್, ನೀಲಗಿರಿ ಮನೆಯಂಗಳದವರೆಗೆ ಬೆಳೆದವು. 2017ರ ಜೂನಿನಲ್ಲಿ ಪೆಡ್ರೊಗಾವ್ ಗ್ರಾಂಡೆಯ ಬೆಂಕಿಯಲ್ಲಿ 66 ಮಂದಿ ಸತ್ತರು, ಹಲವರು ಕಾರಿನಲ್ಲಿ ಓಡುತ್ತಿದ್ದಾಗ. ಮರುವರ್ಷ ಶುರುವಾದ "ಸುರಕ್ಷಿತ ಹಳ್ಳಿ, ಸುರಕ್ಷಿತ ಜನ" ಕಾರ್ಯಕ್ರಮದಲ್ಲಿ ಪ್ರತಿ ಹಳ್ಳಿಗೂ ಒಬ್ಬ ಸ್ಥಳೀಯ ಸುರಕ್ಷತಾ ಹೊಣೆಗಾರ, ಆಶ್ರಯದ ಜಾಗ, ತೆರವಿನ ತಾಲೀಮು ಗೊತ್ತುಮಾಡುತ್ತಾರೆ. ವೃದ್ಧರೇ ಹೆಚ್ಚಿರುವ ಹಳ್ಳಿಗೆ ಇನ್ನೊಂದು ಟ್ಯಾಂಕರಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿನ ಕಥೆ ಇದರ ಇನ್ನೊಂದು ಮುಖ. ಅಲ್ಲಿ ನಿವೃತ್ತರು ಕಾಡಿನಂಚಿಗೆ ಬಂದು ನೆಲೆಸಿದ್ದರು. 2018ರ ನವೆಂಬರ್ 8ರ "ಕ್ಯಾಂಪ್ ಫೈರ್" ಎಂಬ ಕಾಡ್ಗಿಚ್ಚಿನಲ್ಲಿ ಸತ್ತ 85 ಮಂದಿಯಲ್ಲಿ ಬಹುಪಾಲು 65 ದಾಟಿದವರು. ತೆರವಿನ ಯೋಜನೆ ಬರೆಯುವವರು ಪ್ರತಿ ಮನೆಗೂ ಓಡುವ ಕಾರು, ಓಡಿಸುವ ಚಾಲಕ ಇದ್ದಾರೆ ಎಂದು ಊಹಿಸುತ್ತಾರೆ. ಕಾರಿಲ್ಲದ, ಫೋನ್ ಸಂದೇಶ ಓದದ, ಗಾಲಿಕುರ್ಚಿಯ ಮನೆಗಳನ್ನು ಬೇಸಿಗೆಗೆ ಮುಂಚೆ ಎಣಿಸಿ, ಒಂದು ಮನೆ ತೆರವಿಗೆ ಎಷ್ಟು ನಿಮಿಷ ಎಂದು ತಾಲೀಮಿನಲ್ಲಿ ಅಳೆದು, ಗುಣಿಸಿ ನೋಡಿ. ಆ ಮೊತ್ತ ಬೆಂಕಿ ಬರುವ ಸಮಯಕ್ಕಿಂತ ಹೆಚ್ಚಿದ್ದರೆ ತೆರವಿನ ಆದೇಶ ಬೇಗ ಕೊಡಬೇಕು, ಇಲ್ಲವೇ ಹತ್ತಿರದಲ್ಲೇ ಆಶ್ರಯ ಇರಬೇಕು.

ಸಿಬ್ಬಂದಿಯೂ ಇದೇ ಸಮಾಜದವರು

ಯೋಜನೆಗಳಲ್ಲಿ ಮರೆತುಹೋಗುವ ಅಧ್ಯಾಯ ಇದು. ವಾಹನದ ಒಂದು ಆಸನವನ್ನು ವರ್ಷವಿಡೀ ತುಂಬಲು 8,760 ಗಂಟೆ ಬೇಕು. ವಾರಕ್ಕೆ 42 ಗಂಟೆಯ ಕೆಲಸಗಾರ ವರ್ಷಕ್ಕೆ 2,184 ಗಂಟೆ. ರಜೆ, ಕಾಯಿಲೆ, ತರಬೇತಿಗೆ ಶೇ. 20 ಕಳೆದರೆ ಸುಮಾರು 1,750. ಆಸನಕ್ಕೆ 5 ಜನ, ನಾಲ್ಕು ಆಸನಕ್ಕೆ 20. ಆ ಶೇ. 20, ಸಿಬ್ಬಂದಿಗೆ ವಯಸ್ಸಾಗಿ ಗಾಯ, ಕಾಯಿಲೆ ಹೆಚ್ಚಿದಾಗ, ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಬಂದಾಗ ಶೇ. 26 ಆಯಿತೆನ್ನಿ: ಆಸನಕ್ಕೆ 5.4, ವಾಹನಕ್ಕೆ 21.7. ಇದನ್ನು ಮೊದಲೇ ಲೆಕ್ಕ ಹಾಕದಿದ್ದರೆ ಓವರ್‌ಟೈಮ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಹಿಳಾ ಸಿಬ್ಬಂದಿ ಬಂದ ಮೇಲೆ ಅವರ ಅಳತೆಯ ರಕ್ಷಣಾ ಉಡುಪು, ಕೈಗವಸು, ಮುಖವಾಡ ತರಿಸುವುದು ಅಲಂಕಾರದ ಮಾತಲ್ಲ. ಸಡಿಲ ಮುಖವಾಡದಲ್ಲಿ ಗಾಳಿ ಸೋರುತ್ತದೆ.

ಸ್ವಯಂಸೇವಕರನ್ನು ನಂಬಿದ ವ್ಯವಸ್ಥೆಗಳ ಸ್ಥಿತಿ ಇನ್ನೂ ಕಷ್ಟ. ಜಪಾನಿನ ಸ್ವಯಂಸೇವಾ ಅಗ್ನಿಶಾಮಕ ದಳಗಳಲ್ಲಿ 1950ರ ದಶಕದಲ್ಲಿ 20 ಲಕ್ಷದ ಹತ್ತಿರ ಜನರಿದ್ದರು, 2022ರಲ್ಲಿ ಅದು 8 ಲಕ್ಷಕ್ಕಿಂತ ಕೆಳಗಿಳಿಯಿತು. ಬ್ರಿಟನ್ನಿನಲ್ಲಿ ಕರೆ ಬಂದಾಗ ಮಾತ್ರ ಬರುವ ಅಗ್ನಿಶಾಮಕರು ಸಾಮಾನ್ಯವಾಗಿ ಠಾಣೆಗೆ ಐದು ನಿಮಿಷದ ದೂರದಲ್ಲಿರಬೇಕು. ಊರಲ್ಲಿ ಮನೆ ಬೆಲೆ ಏರಿ ಯುವಕರು ಹೊರಗೆ ಹೋದರೆ, ಇದ್ದವರೂ ಹಗಲು ಬೇರೆ ಊರಿಗೆ ದುಡಿಯಲು ಹೋದರೆ, ಕಾಗದದ ಮೇಲೆ ಠಾಣೆ ಇರುತ್ತದೆ, ಹಗಲಿನಲ್ಲಿ ವಾಹನ ಹೊರಡುವುದಿಲ್ಲ. ಹೆಸರು ಪಟ್ಟಿಯ ಬದಲು ಗಂಟೆ ಗಂಟೆಯ ಲಭ್ಯತೆ ದಾಖಲಿಸಿ.

ಅಂಕಿಗಳಲ್ಲಿ ಜಾರುವ ಜಾಗಗಳು

ಸಾವುಗಳು ಸಂಖ್ಯೆಯಲ್ಲಿ ಕಡಿಮೆ. ಹೋದ ವರ್ಷ 2, ಈ ವರ್ಷ 5 ಎಂದರೆ ಪ್ರವೃತ್ತಿ ಅಲ್ಲ, ಅದೃಷ್ಟದ ಏರಿಳಿತ. ಕನಿಷ್ಠ ಐದು ವರ್ಷ ಒಟ್ಟುಗೂಡಿಸಿ, ಸಾವಿನ ಜೊತೆ ಗಂಭೀರ ಗಾಯ, ರಕ್ಷಿಸಲ್ಪಟ್ಟವರ ಸಂಖ್ಯೆಯನ್ನೂ ಇಡಿ. ಬಡಾವಣೆಯ ಸರಾಸರಿಯನ್ನು ಮನೆಗೆ ಅನ್ವಯಿಸಬೇಡಿ: ಶ್ರೀಮಂತ ಬಡಾವಣೆಯ ಒಂಟಿ, ಧೂಮಪಾನಿ ವೃದ್ಧರು ಸರಾಸರಿಯಲ್ಲಿ ಮಾಯವಾಗುತ್ತಾರೆ.

ಮಾದರಿಯನ್ನು ನಂಬಿ ಎಡವಿದ ದೊಡ್ಡ ಪಾಠವೂ ನ್ಯೂಯಾರ್ಕಿನದೇ. 1970ರ ದಶಕದ ಹಣದ ಮುಗ್ಗಟ್ಟಿನಲ್ಲಿ ಪ್ರಯಾಣ ಸಮಯದ ಲೆಕ್ಕ ಮುಂದಿಟ್ಟುಕೊಂಡು ದಳಗಳನ್ನು ಮುಚ್ಚಿದರು, ಬೆಂಕಿ ಹೆಚ್ಚುತ್ತಿದ್ದ ಬಡ ಪ್ರದೇಶಗಳಲ್ಲೂ. ಪಕ್ಕದಲ್ಲೇ ಇನ್ನೊಂದು ಠಾಣೆ ಇದೆ ಎಂದು ಲೆಕ್ಕ ಹೇಳಿತು. ಆ ಠಾಣೆಯ ವಾಹನ ಆಗಲೇ ಹೊರಗಿರುತ್ತದೆ ಎಂಬುದಕ್ಕೆ ಅದರಲ್ಲಿ ತಕ್ಕ ತೂಕ ಇರಲಿಲ್ಲ. ಮೇಲೆ ಹೇಳಿದ ಬಳಕೆಯ ಪ್ರಮಾಣವನ್ನು ವಾಹನವಾರು, ಗಂಟೆವಾರು ಸೇರಿಸದೆ ಯಾವ ನಕ್ಷೆಗೂ ಸಹಿ ಹಾಕಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ಈ ಮೂರು ಅಂಕಿ ಮೊದಲು ತೆಗೆಯಿರಿ: ವಯಸ್ಸಿನ ಗುಂಪುವಾರು ಕರೆ ದರ, ಹಗಲಿನ ವಾಹನ ಬಳಕೆಯ ಪ್ರಮಾಣ, ಕರೆಯಿಂದ ಜನರ ಬಳಿ ತಲುಪುವವರೆಗಿನ 90ನೇ ಶೇಕಡಾಂಶದ ಸಮಯ (ನೂರರಲ್ಲಿ 90 ಕರೆಗಳಲ್ಲಿ ಅಷ್ಟರೊಳಗೆ ತಲುಪುವ ಸಮಯ). ಹಗಲಿನ ಬಳಕೆ 0.30 ದಾಟಿದ್ದು ರಾತ್ರಿ ಸಮಯ ಸರಿಯಿದ್ದರೆ ಕಟ್ಟಡ ಬೇಡ, ಹಗಲಿಗೆ ಚಿಕ್ಕ ವಾಹನವೊಂದು ಸೇರಿಸಿ ಒಂದು ವರ್ಷ ನೋಡಿ. ರಾತ್ರಿಯೂ ಸಮಯ ಮೀರುತ್ತಿದ್ದರೆ ಜನವಸತಿಯೇ ಠಾಣೆಯಿಂದ ದೂರ ಸರಿದಿದೆ ಎಂದರ್ಥ, ಆಗ ಅಧಿಕಾರಿಗಳ ಮಾತು ನಿಜ. ಆದರೂ ಹೊಸದು ಕಟ್ಟುವ ಮೊದಲು ಹಳೆಯದನ್ನು ಸ್ಥಳಾಂತರಿಸಿದರೆ ಸಾಕೇ ಎಂದು ಲೆಕ್ಕ ಹಾಕಿ. ಠಾಣೆಯ ಕಟ್ಟಡ 40-50 ವರ್ಷ ನಿಲ್ಲುತ್ತದೆ, ಬಡಾವಣೆಯ ವಯಸ್ಸು 15 ವರ್ಷಕ್ಕೇ ಬದಲಾಗುತ್ತದೆ. ಆದ್ದರಿಂದ ಯೋಜನೆಯಲ್ಲಿ ಇಸವಿ ಬರೆಯುವುದಕ್ಕಿಂತ ಮಿತಿ ಬರೆಯಿರಿ: "ಈ ವಾರ್ಡಿನಲ್ಲಿ 80 ತುಂಬಿದವರು 4,000 ಮುಟ್ಟಿದಾಗ, ಅಥವಾ ಹಗಲಿನ ಬಳಕೆ ಸತತ ಎರಡು ತ್ರೈಮಾಸಿಕ 0.35 ಮೀರಿದಾಗ ಎರಡನೇ ವಾಹನ". ಹಣಕಾಸಿನವರು ಒಪ್ಪುವುದು ಈ ರೀತಿಯ ಸಾಲುಗಳನ್ನು, ಏಕೆಂದರೆ ಮಿತಿ ಮುಟ್ಟದಿದ್ದರೆ ಖರ್ಚೂ ಆಗುವುದಿಲ್ಲ.